ಮನೆ ಡಯಾಲಿಸಿಸ್: ಬಿಲ್ಲಿನಲ್ಲಿ ಕಾಣದ ಖರ್ಚು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಅಪ್ಪನಿಗೆ ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್, ಅಂದರೆ ಸಿಎಪಿಡಿ, ಶುರುವಾಗಿ ಹದಿನಾಲ್ಕು ತಿಂಗಳಾಯಿತು. ಅದಕ್ಕೆ ಮುಂಚೆ ಎರಡು ವರ್ಷ, ವಾರಕ್ಕೆರಡು ಸಲ ಮಂಗಳೂರಿಗೆ ಹೋಗಿ, ಕಿಡ್ನಿಯ ಬದಲು ರಕ್ತ ಶುದ್ಧ ಮಾಡುವ ಮೆಷಿನ್ನಿಗೆ ಮಲಗುತ್ತಿದ್ದರು. "ಯಾವುದು ಕಡಿಮೆ ಬೀಳ್ತದೆ?" ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಬರೀ ಬಿಲ್ ನೋಡಿದರೆ ಮೆಷಿನ್ನೇ ಅಗ್ಗ. ಒಂಬತ್ತು ಸಲ ಬೀಳುವ ತಿಂಗಳಲ್ಲಿ ನಮಗೆ ಸುಮಾರು 12,500 ರೂಪಾಯಿ ಆಗುತ್ತಿತ್ತು. ಈಗ ಟ್ಯೂಬಿನಲ್ಲಿ ಹೊಟ್ಟೆಗೆ ಬಿಟ್ಟು ತೆಗೆಯುವ ನೀರಿನ ಬ್ಯಾಗ್ ದಿನಕ್ಕೆ ಮೂರು, ತಿಂಗಳಿಗೆ 26,000ದ ಹತ್ತಿರ. ದುಪ್ಪಟ್ಟು ಅಲ್ವಾ? ನಾವೂ ಅದನ್ನೇ ನೋಡಿ ಹಿಂದೆ ಸರಿದಿದ್ದೆವು.

ಆಗ ಅಕ್ಕನ ಮಗಳು, ಪಬ್ಲಿಕ್ ಹೆಲ್ತ್ ಓದುತ್ತಿರುವವಳು, "ಮಾವ, ಇದು ಯಾರ ಕಿಸೆಯ ಲೆಕ್ಕ? ಆಸ್ಪತ್ರೆಯದ್ದಾ, ನಮ್ಮದಾ?" ಅಂತ ಕೇಳಿದಳು. ಚಿಕಿತ್ಸೆಯ ಲಾಭ-ಖರ್ಚು ತೂಗುವವರು ಮೊದಲು ಕೇಳುವುದೇ ಇದನ್ನಂತೆ. ಇಬ್ಬರೂ ಜಗಲಿಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆದೆವು. ಕಾರು ಬಾಡಿಗೆ ಸಲಕ್ಕೆ 2,000, ಒಂಬತ್ತು ಸಲಕ್ಕೆ 18,000. ಅಲ್ಲಿಗೇ 30,500 ಆಯಿತು. ಮೇಲಿಂದ ತಮ್ಮನಿಗೆ ತಿಂಗಳಲ್ಲಿ ಒಂಬತ್ತು ದಿನ ತೋಟದ ಕೆಲಸ ತಪ್ಪುತ್ತಿತ್ತು. ಅಡಿಕೆಗೆ ಮದ್ದು ಬಿಡುವುದಕ್ಕೂ ಕೊಯ್ಲಿಗೂ ಜನ ಸಿಗದ ಊರಿನಲ್ಲಿ ಅದು ಸಣ್ಣ ನಷ್ಟವಲ್ಲ. ಈಗ ತಿಂಗಳಿಗೊಮ್ಮೆ ಚೆಕಪ್ಪಿಗೆ ಹೋಗುವ ಕಾರು, ಮಾಸ್ಕು, ಸ್ಯಾನಿಟೈಸರ್ ಎಲ್ಲ ಸೇರಿಸಿದರೂ 29,000 ದಾಟುವುದಿಲ್ಲ.

ಇನ್ನೊಂದು ಕಡೆ ಆರೋಗ್ಯವನ್ನೂ ಅಳೆಯಬೇಕು. ಅದಕ್ಕೆ ಕ್ವಾಲಿ (QALY) ಅಂತ ಒಂದು ಅಳತೆ ಇದೆ. ಪೂರ್ತಿ ಆರೋಗ್ಯದ ಒಂದು ವರ್ಷಕ್ಕೆ 1, ಸಾವಿಗೆ 0. ಅರ್ಧ ಆರೋಗ್ಯದಲ್ಲಿ ಎರಡು ವರ್ಷ ಬದುಕಿದರೆ ಅದೂ 1. ಹೊಸ ಚಿಕಿತ್ಸೆಗೆ ಎಷ್ಟು ಹಣ ಜಾಸ್ತಿ, ಅದರಿಂದ ಎಷ್ಟು ಕ್ವಾಲಿ ಜಾಸ್ತಿ ಅಂತ ಭಾಗಿಸಿ ನೋಡುತ್ತಾರೆ. ಆರೋಗ್ಯ ಅಳೆಯಲು ಐದು ವಿಷಯ ಕೇಳುತ್ತಾರೆ: ನಡೆದಾಟ, ಸ್ನಾನ-ಬಟ್ಟೆ, ನಿತ್ಯದ ಕೆಲಸ, ನೋವು, ಚಿಂತೆ. ಅವಳು ಅಜ್ಜನಿಗೂ ಕೇಳಿದಳು. ಮೆಷಿನ್ನಿನ ದಿನ, ಮರುದಿನ ಅಪ್ಪ ಎದ್ದು ಕೂರುತ್ತಿರಲಿಲ್ಲ. ಈಗ ಬೆಳಗ್ಗಿನ ಬ್ಯಾಗ್ ಮುಗಿಸಿ ತೋಟಕ್ಕೆ ಒಂದು ಸುತ್ತು ಹೋಗುತ್ತಾರೆ, ಹೋದ ತಿಂಗಳು ತಾಳಮದ್ದಳೆಗೆ ಹೋಗಿ ರಾತ್ರಿ ಹನ್ನೊಂದರವರೆಗೆ ಕೂತಿದ್ದರು. "ನಿತ್ಯದ ಕೆಲಸ" ಅಂದಾಗ ಅಪ್ಪ ಹೇಳಿದ್ದು ಅದನ್ನೇ.

ವಾರಕ್ಕೆರಡು ಸಲ ಕೇರಳ-ಕರ್ನಾಟಕ ಗಡಿ ದಾಟುವ ಚಿಂತೆಯೂ ಹೋಯಿತು. ಕೊರೊನಾ ಬಂದ 2020ರ ಮಾರ್ಚ್‌ನಲ್ಲಿ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿ ಆಂಬುಲೆನ್ಸ್‌ಗಳನ್ನೂ ತಡೆದದ್ದನ್ನು ಕಾಸರಗೋಡಿನವರು ಮರೆಯುವುದುಂಟಾ?

ಇನ್ನು ತೊಂದರೆಗಳು. ಎರಡು ಲೀಟರಿನ ಬ್ಯಾಗುಗಳ ಪೆಟ್ಟಿಗೆಗಳಿಗೆ ಒಂದು ಕೋಣೆಯೇ ಬೇಕು. ಮಳೆಗಾಲದಲ್ಲಿ ಒಮ್ಮೆ ಸಪ್ಲೈ ನಾಲ್ಕು ದಿನ ತಡವಾಗಿ ನಾವು ಕಂಗಾಲಾದೆವು, ಕಂಪೆನಿಯವರು ಫೋನೂ ಎತ್ತಲಿಲ್ಲ. ಸೋಂಕಿನ ಭಯ ಯಾವಾಗಲೂ ಇದ್ದದ್ದೇ. ಕೈ ತೊಳೆಯದೆ, ಮಾಸ್ಕ್ ಇಲ್ಲದೆ ಟ್ಯೂಬ್ ಮುಟ್ಟುವ ಹಾಗಿಲ್ಲ. ಹೊರಗೆ ಬಂದ ನೀರು ಮಬ್ಬಾಗಿದ್ದರೆ ಅದೇ ದಿನ ಡಾಕ್ಟರಿಗೆ ಹೇಳಲೇಬೇಕು. ತರಬೇತಿ ಕೊಟ್ಟ ನರ್ಸ್ ತುಂಬಾ ಚೆನ್ನಾಗಿ ಕಲಿಸಿದರು, ಆದರೆ ಕೊಟ್ಟ ಹಾಳೆ ಇಂಗ್ಲಿಷ್ ಮತ್ತು ಮಲಯಾಳದಲ್ಲಿ ಮಾತ್ರ. ಅಮ್ಮನಿಗೆ ಎರಡೂ ಓದಲು ಬರುವುದಿಲ್ಲ, ಬ್ಯಾಗ್ ಬದಲಿಸುವುದು ಅಮ್ಮನೇ.

ಎಲ್ಲರಿಗೂ ಇದೇ ಸರಿ ಅನ್ನುವುದಿಲ್ಲ. ಹೊಟ್ಟೆಯ ಆಪರೇಷನ್ ಆದವರಿಗೆ ಕೆಲವೊಮ್ಮೆ ಆಗುವುದಿಲ್ಲ, ಡಾಕ್ಟರೇ ಹೇಳಬೇಕು. ಪಕ್ಕದಲ್ಲೇ ಮೆಷಿನ್ ಇರುವವರ ಲೆಕ್ಕ ಬೇರೆ ಬರುತ್ತದೆ. ಥಾಯ್ಲೆಂಡಿನಲ್ಲಿ 2008ರಲ್ಲಿ ಸರ್ಕಾರಿ ಯೋಜನೆಯವರಿಗೆ ಮೊದಲು ಹೊಟ್ಟೆಯ ಡಯಾಲಿಸಿಸ್ಸೇ ಅಂತ ಮಾಡಿದ್ದರು, 2022ರಲ್ಲಿ ಆಯ್ಕೆಯನ್ನು ರೋಗಿ ಮತ್ತು ಡಾಕ್ಟರಿಗೆ ಬಿಟ್ಟಿದ್ದರು. ನಮ್ಮಲ್ಲೂ ಇಂಥ ಲೆಕ್ಕ ಹಾಕಲು 2017ರಿಂದ ಕೇಂದ್ರ ಸರ್ಕಾರದ ಒಂದು ವ್ಯವಸ್ಥೆ ಇದೆ. ಅವರ ಲೆಕ್ಕದಲ್ಲಿ ಬದಿಯಡ್ಕದ ಕಾರು ಬಾಡಿಗೆಯೂ ತಮ್ಮನ ಒಂಬತ್ತು ದಿನವೂ ಸೇರಬೇಕು ಅಂತ ನನ್ನ ಆಸೆ.

ನನ್ನ ಅಂಕ: ಚಿಕಿತ್ಸೆಗೆ ಐದಕ್ಕೆ ನಾಲ್ಕೂವರೆ, ಸಪ್ಲೈಗೆ ಎರಡು. ಬ್ಯಾಗ್ ಬದಲಿಸುವ ಕ್ರಮವನ್ನು ಅಮ್ಮನಿಗಾಗಿ ಕನ್ನಡದಲ್ಲಿ ಬರೆದು, ನರ್ಸಿಗೆ ಓದಿ ಹೇಳಿ ಸರಿ ಮಾಡಿಸಿ ಇಟ್ಟಿದ್ದೇನೆ. ಬೇಕಾದವರು ಕೇಳಿ, ಕಳಿಸುತ್ತೇನೆ.