ಸುಟ್ಟ ಗಾಯಕ್ಕೆ ಯಾವುದು ವಾಸಿ? ಬಿಳಿ ಕ್ರೀಮು, ಜೇನು, ಲೋಳೆಸರ, ಪೆಟ್ರೋಲಿಯಂ ಜೆಲ್ಲಿ

ಒಲೆ ಮುಂದೆ ಜಾಸ್ತಿ ಹೊತ್ತು ಕಳೆಯುವವರಿಗೆ ಕೈ ಸುಡುವುದು ಹೊಸದಲ್ಲ. ಎಣ್ಣೆ ಸಿಡಿದು, ಹಬೆ ಹೊಡೆದು ಆದ ಸಣ್ಣ ಗಾಯಗಳಿಗೆ ಬೇರೆ ಬೇರೆ ಸಲ ಇವನ್ನೆಲ್ಲ ಹಚ್ಚಿ ನೋಡಿದ್ದೇನೆ. ಅಂಗೈಗಿಂತ ಚಿಕ್ಕದಾಗಿ, ಚರ್ಮ ಕೆಂಪಾಗಿಯೋ ಗುಳ್ಳೆ ಎದ್ದೋ ಇರುವ ಗಾಯದ ಮಾತು ಮಾತ್ರ ಇದು. ಮುಖ ಸುಟ್ಟಿದ್ದರೆ, ಕರೆಂಟ್ ಹೊಡೆದಿದ್ದರೆ, ಆಸಿಡ್ ಬಿದ್ದಿದ್ದರೆ, ಅಥವಾ ಸುಟ್ಟ ಜಾಗ ಬಿಳಿಚಿಕೊಂಡು ಮುಟ್ಟಿದರೂ ನೋವೇ ಗೊತ್ತಾಗದಿದ್ದರೆ ಏನನ್ನೂ ಹಚ್ಚದೆ ಆಸ್ಪತ್ರೆಗೆ ಹೋಗಿ; ಆಸಿಡ್ ಆದರೆ ಮೊದಲು ನೀರಲ್ಲಿ ಚೆನ್ನಾಗಿ ತೊಳೆದು ಹೋಗಿ.

ಯಾವ ಮುಲಾಮಿಗೂ ಮೊದಲು ನಲ್ಲಿ ನೀರು. 20 ನಿಮಿಷ ಹರಿಯುವ ನೀರಿನ ಕೆಳಗೆ ಹಿಡಿಯಬೇಕು. ತಕ್ಷಣ ಆಗದಿದ್ದರೂ ಸುಟ್ಟ 3 ಗಂಟೆಯೊಳಗೆ ಮಾಡಿದರೆ ಉಪಯೋಗ ಇದೆ. ಐಸ್ ಬೇಡ, ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ.

ಎಲ್ಲರೂ ಮೊದಲು ಕೈ ಹಾಕುವುದು ಬಿಳಿ ಕ್ರೀಮಿಗೆ, ಅಂದರೆ 1% ಸಿಲ್ವರ್ ಸಲ್ಫಾಡಯಜಿನ್. ಹಚ್ಚಿದ ಕೂಡಲೇ ತಂಪು, ಅದು ನಿಜ. ಆದರೆ ಮಾರನೇ ದಿನ ಗಾಯದ ಮೇಲೆ ಹಳದಿ ಮಿಶ್ರಿತ ಬಿಳಿ ಪದರ ಕೂತಿರುತ್ತದೆ, ಅದು ಕೀವೋ ಕ್ರೀಮೋ ತಿಳಿಯುವುದಿಲ್ಲ, ತೊಳೆದು ತೆಗೆಯಲು ಹೋದರೆ ಕಣ್ಣಲ್ಲಿ ನೀರು ಬರುತ್ತದೆ. ಬೆಳ್ಳಿ ರೋಗಾಣುಗಳನ್ನು ಕೊಲ್ಲುತ್ತದೆ, ಜೊತೆಗೆ ಹೊಸದಾಗಿ ಬೆಳೆಯುವ ಚರ್ಮದ ಜೀವಕೋಶಗಳಿಗೂ ಪೆಟ್ಟು ಕೊಡುತ್ತದೆ. ಒಂದೇ ವಿಷಯದ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆಯಲ್ಲೂ ಸಿಲಿಕೋನ್ ಪಟ್ಟಿಯಂಥವುಗಳ ಎದುರು ಇದು ಹಿಂದೆ ಬಿತ್ತು. ಸಲ್ಫಾ ಔಷಧಿಗಳ ಅಲರ್ಜಿ ಇರುವವರು, ತುಂಬು ಗರ್ಭಿಣಿಯರು, 2 ತಿಂಗಳೊಳಗಿನ ಶಿಶುಗಳು ಇದರ ಹತ್ತಿರವೂ ಹೋಗಬಾರದು. ದೊಡ್ಡ ಗಾಯಕ್ಕೆ ವೈದ್ಯರೇ ಬರೆದುಕೊಟ್ಟರೆ ಆ ಮಾತು ಬೇರೆ. ಸಣ್ಣ ಗಾಯಕ್ಕೆ ಇದು ಬೇಕಾಗಿಯೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಜೇನು ನಿಜಕ್ಕೂ ಕೆಲಸ ಮಾಡುತ್ತದೆ. 2015ರ ಕಾಕ್ರೇನ್ ವಿಮರ್ಶೆ ಪ್ರಕಾರ ಆಳವಿಲ್ಲದ ಸುಟ್ಟ ಗಾಯ ಮಾಮೂಲಿ ಪಟ್ಟಿಗಳಿಗಿಂತ ಜೇನಿನಲ್ಲಿ 4ರಿಂದ 5 ದಿನ ಬೇಗ ಮಾಯುತ್ತದೆ. ಆದರೆ ಅದು ಗಾಯಕ್ಕೆಂದೇ ಶುದ್ಧ ಮಾಡಿದ ಜೇನಾಗಿರಬೇಕು. ಡಬ್ಬಿಯಲ್ಲಿರುವ ಜೇನಿನಲ್ಲಿ ಬ್ಯಾಕ್ಟೀರಿಯಾ ಬೀಜಾಣು ಇರಬಹುದು. ನನಗಾದ ತೊಂದರೆ ಬೇರೆ: ಹಚ್ಚಿದ ಸ್ವಲ್ಪ ಹೊತ್ತು ಚುರುಚುರು ಅನ್ನುತ್ತದೆ, ಮೈ ಬಿಸಿಗೆ ತೆಳುವಾಗಿ ಪಟ್ಟಿಯಿಂದಾಚೆ ಸೋರುತ್ತದೆ, ಮುಟ್ಟಿದ್ದೆಲ್ಲ ಅಂಟು.

ಲೋಳೆಸರ ಬರೀ ಕೆಂಪಾದ ಚರ್ಮಕ್ಕೆ ಹಿತ, ಉರಿ ಇಳಿಯುತ್ತದೆ. ಗುಳ್ಳೆ ಒಡೆದಿದ್ದರೆ ನಾನು ಮುಟ್ಟಿಸುವುದಿಲ್ಲ. ಗಿಡದಿಂದಲೇ ತೆಗೆಯುವವರು ಸಿಪ್ಪೆಯ ಕೆಳಗಿನ ಹಳದಿ ರಸ ಪೂರ್ತಿ ತೊಳೆಯಬೇಕು, ಅದು ಚರ್ಮಕ್ಕೆ ತುರಿಕೆ ತರುತ್ತದೆ.

ನಾನು ಈಗ ಮತ್ತೆ ಮತ್ತೆ ಹೋಗುವುದು ಸಾದಾ ಪೆಟ್ರೋಲಿಯಂ ಜೆಲ್ಲಿಗೆ. ಅದರಲ್ಲಿ ಔಷಧಿ ಏನೂ ಇಲ್ಲ, ಅದೇ ಅದರ ಗುಣ. ಗಾಯ ಒಣಗಲು ಬಿಡುವುದಿಲ್ಲ, ಅಷ್ಟೇ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕರು ಹಂದಿಗಳ ಮೇಲೆ ಪ್ರಯೋಗ ಮಾಡಿ, ಮುಚ್ಚಿ ತೇವವಾಗಿಟ್ಟ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡುತ್ತದೆ ಎಂದು ತೋರಿಸಿದ್ದರು. ಗಾಯಕ್ಕೆ ಗಾಳಿಯಾಡಲಿ, ಹಕ್ಕಳೆ ಕಟ್ಟಲಿ ಅಂತ ಬಿಡುವ ಅಭ್ಯಾಸ ಇನ್ನೂ ಹೋಗಿಲ್ಲ ನೋಡಿ, ಅದು ಬೇಜಾರು. ಜೆಲ್ಲಿ ಸವರಿ, ಅಂಟದ ಪಟ್ಟಿ ಹಾಕಿ, ದಿನಕ್ಕೊಮ್ಮೆ ತೊಳೆದು ಬದಲಾಯಿಸಿದರೆ ಪಟ್ಟಿ ಎಳೆದಾಗ ಹೊಸ ಚರ್ಮ ಕಿತ್ತು ಬರುವುದಿಲ್ಲ. ಒಂದು ಎಚ್ಚರ: ಗಾಯ ಪೂರ್ತಿ ತಣ್ಣಗಾಗುವ ಮೊದಲು ಹಚ್ಚಬೇಡಿ, ಬಿಸಿ ಒಳಗೇ ಉಳಿಯುತ್ತದೆ.

ಸುತ್ತ ಕೆಂಪು ಹರಡಿದರೆ, ವಾಸನೆ ಅಥವಾ ಜ್ವರ ಬಂದರೆ, 2 ವಾರವಾದರೂ ಮಾಯದಿದ್ದರೆ ವೈದ್ಯರಿಗೆ ತೋರಿಸಿ. ಟಿಟಿ ಇಂಜೆಕ್ಷನ್ ಬೇಕಾ ಅಂತಲೂ ಆಗಲೇ ಕೇಳಿ. ಮಾಯ್ದ ಮೇಲೆ ಕೆಲವು ತಿಂಗಳು ಆ ಜಾಗಕ್ಕೆ ಬಿಸಿಲು ತಾಗಿಸಬೇಡಿ, ಇಲ್ಲದಿದ್ದರೆ ಕಲೆ ಕಪ್ಪಾಗುತ್ತದೆ.