ಸಿಟ್ಟಿಗೆ ಕೆಲಸ ಹೋದವರಿಗೆ ಪಿಎಫ್ ಪೋರ್ಟಲ್ ಎಷ್ಟು ಆಸರೆ?

ಮ್ಯಾನೇಜರ್ ಮೇಲೆ ಕೂಗಾಡಿ ಕೆಲಸ ಕಳೆದುಕೊಂಡವರು ರೆಸ್ಯೂಮೆ ತಿದ್ದುವ ಮೊದಲು ಇಪಿಎಫ್‌ಒ (ನೌಕರರ ಭವಿಷ್ಯ ನಿಧಿ ಸಂಸ್ಥೆ) ಸದಸ್ಯರ ಪೋರ್ಟಲ್ ತೆರೆಯಲಿ. ಹಿನ್ನೆಲೆ ತಪಾಸಣೆಗೆ ಹೊಸ ಕಂಪನಿಗಳು ಅಲ್ಲಿನ ಸರ್ವಿಸ್ ಹಿಸ್ಟರಿ ಕೇಳುವುದುಂಟು. ಸೇರಿದ ದಿನ, ಬಿಟ್ಟ ದಿನ ಅದರಲ್ಲಿರುತ್ತವೆ. ಜಗಳದ ಪುರಾಣ ಇರುವುದಿಲ್ಲ. ಹಳೇ ಎಚ್‌ಆರ್ ಫೋನಿನಲ್ಲಿ ಏನು ಹೇಳುತ್ತಾರೋ, ಅದಕ್ಕೆ ಪೋರ್ಟಲ್ ಹೊಣೆಯಲ್ಲ ಬಿಡಿ.

ತೊಡಕಾಗುವುದು ಬಿಟ್ಟ ದಿನಾಂಕದಲ್ಲಿ. ಕಂಪನಿ ಅದನ್ನು ತುಂಬದೇ ಸುಮ್ಮನಿದ್ದರೆ ನೀವು ಇನ್ನೂ ಅಲ್ಲೇ ದುಡಿಯುತ್ತಿರುವಂತೆ ಕಾಣುತ್ತದೆ, ಹಳೇ ಪಿಎಫ್ ವರ್ಗಾವಣೆಯೂ ಸಿಕ್ಕಿಕೊಳ್ಳಬಹುದು. ಇದಕ್ಕೆ ಪೋರ್ಟಲ್‌ನ ‘ಮ್ಯಾನೇಜ್’ ಒಳಗೆ, ಬಿಟ್ಟ ದಿನವನ್ನು ನೀವೇ ತುಂಬುವ ‘ಮಾರ್ಕ್ ಎಕ್ಸಿಟ್’ ಇದೆ. ಕಂಪನಿ ನಿಮ್ಮ ಪಿಎಫ್‌ಗೆ ಕೊನೆಯ ವಂತಿಗೆ ಕಟ್ಟಿ 2 ತಿಂಗಳು ಕಳೆದಿರಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ, ಒಟಿಪಿ ಬರುವುದು ಅದಕ್ಕೇ. ದಿನಾಂಕ ಕೊನೆಯ ವಂತಿಗೆಯ ತಿಂಗಳೊಳಗೇ ಇರಬೇಕು. ಬಿಟ್ಟ ಕಾರಣ ಕೇಳಿದಲ್ಲಿ ‘ಸೆಸೇಶನ್–ಶಾರ್ಟ್ ಸರ್ವಿಸ್’ (ಅಲ್ಪಾವಧಿ ಸೇವೆಯ ಅಂತ್ಯ) ಆರಿಸಿ. ‘ದುರ್ನಡತೆ’ ಎಂಬ ಆಯ್ಕೆಯೇ ಇಲ್ಲ, ಪುಣ್ಯಕ್ಕೆ! ಒತ್ತುವ ಮೊದಲು ವಜಾ ಪತ್ರ ಪಕ್ಕದಲ್ಲಿಟ್ಟು ತಾರೀಖು ತಾಳೆ ನೋಡಿ.

ಆ 2 ತಿಂಗಳ ಕಾಯುವಿಕೆಯೇ ಈ ಸೇವೆಯ ದೊಡ್ಡ ಕೊರತೆ. ಮುಂದಿನ ವಾರವೇ ಸೇರಬೇಕಾದವರು ಹಳೇ ಎಚ್‌ಆರ್‌ಗೆ ತಣ್ಣಗೆ ಎರಡು ಸಾಲಿನ ಮೇಲ್ ಹಾಕಲಿ. ದಿನಾಂಕ ತುಂಬಿಸಿ ಎಂದಷ್ಟೇ ಕೇಳಿ, ಹಳೇ ಜಗಳ ಕೆದಕಬೇಡಿ.