ತರಚಿದ ಗಾಯಕ್ಕೆ ಆರ್ನಿಕಾ ಟಿಂಚರ್ ಹಚ್ಚಬೇಡಿ

ಸೂರ್ಯಕಾಂತಿ ಹೊಲದ ಬದುವಿನಲ್ಲಿ ಜಾರಿ ಬಿದ್ದ ಅವ್ವನ ಮೊಣಕಾಲು ಬಾತುಕೊಂಡಿತ್ತು, ತರಚಿದ ಚರ್ಮದಿಂದ ರಕ್ತ ಜಿನುಗುತ್ತಿತ್ತು. ನಮ್ಮದು ಕುಷ್ಟಗಿ ಕಡೆಯ ಹಳ್ಳಿ. ಪೆಟ್ಟು ಬಿದ್ದರೆ ಆರ್ನಿಕಾ ಎಂಬ ಹೋಮಿಯೋಪಥಿ ಔಷಧ ಒಳ್ಳೆಯದೆಂದು ಕೇಳಿದ್ದೆ. ಅಂಗಡಿಯವರು ಗುಳಿಗೆಯೋ ಟಿಂಚರೋ ಎಂದಷ್ಟೇ ಕೇಳಿದರು. ಬೇಗ ವಾಸಿಯಾಗಲಿ ಎಂದು ಮದರ್ ಟಿಂಚರ್ ತಂದು, ಹತ್ತಿಯಲ್ಲಿ ಅದ್ದಿ ಗಾಯದ ಮೇಲೆಯೇ ಒತ್ತಿದೆ. ಅವ್ವ ಉರಿ ತಾಳದೆ ಕಾಲು ಎಳೆದುಕೊಂಡಳು. "ಉರಿದರೇನೇ ಗುಣ, ಸ್ವಲ್ಪ ತಡೆದುಕೋ ಅವ್ವಾ" ಎಂದೆ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಮೂರನೆಯ ದಿನ ಮೊಣಕಾಲಿನ ಸುತ್ತ ಕೆಂಪೇರಿ ನೀರುಗುಳ್ಳೆಗಳು ಎದ್ದವು. ತುರಿಕೆಗೆ ಅವಳು ರಾತ್ರಿಯಿಡೀ ಎದ್ದು ಕುಳಿತಿದ್ದಳು. ಔಷಧ ಸಾಲದೇನೋ ಎಂದು ಅಷ್ಟರಲ್ಲಿ ನಾನು ಮತ್ತೆರಡು ಸಲ ಹಚ್ಚಿದ್ದೆ! ಕೊಪ್ಪಳದಲ್ಲಿ ಚರ್ಮವೈದ್ಯರು ಕೇಳಿದ ಮೊದಲ ಪ್ರಶ್ನೆ: "ಇವರಿಗೆ ಕಾಂಗ್ರೆಸ್ ಕಸ ಮೈಗೆ ಆಗುವುದಿಲ್ಲವೇ?" ಹೌದು, ಪಾರ್ಥೇನಿಯಂ ಕೀಳಲು ಹೋದಾಗಲೆಲ್ಲ ಅವ್ವನ ಮುಂಗೈಗಳಲ್ಲಿ ದದ್ದು ಏಳುತ್ತಿದ್ದವು.

ಆರ್ನಿಕಾ ಯುರೋಪಿನ ಬೆಟ್ಟಗಳ ಹಳದಿ ಹೂವು. ಉಳುಕಿಗೆ, ಒಳಪೆಟ್ಟಿಗೆ ಅಲ್ಲಿಯವರು ಬಹುಕಾಲದಿಂದ ಹಚ್ಚುತ್ತ ಬಂದಿದ್ದಾರೆ. ಇಂದು ಮುಲಾಮು, ಕೂದಲೆಣ್ಣೆಗಳಲ್ಲೂ ಇದೆ. ಆದರೆ ಅದನ್ನು ಹಚ್ಚಬೇಕಾದದ್ದು ಒಡೆಯದ ಚರ್ಮದ ಮೇಲೆ ಮಾತ್ರ. ಸೂರ್ಯಕಾಂತಿ, ಪಾರ್ಥೇನಿಯಂ, ಆರ್ನಿಕಾ ಮೂರೂ ಒಂದೇ ಸಸ್ಯಕುಟುಂಬದವು. ಆರ್ನಿಕಾದ ಹೆಲೆನಾಲಿನ್ ಮತ್ತು ಪಾರ್ಥೇನಿಯಂನ ಪಾರ್ಥೆನಿನ್ ಒಂದೇ ಜಾತಿಯ ರಾಸಾಯನಿಕಗಳು. ಒಂದಕ್ಕೆ ಕೆರಳುವ ಮೈ ಇನ್ನೊಂದಕ್ಕೂ ಕೆರಳಬಹುದು. ಊರ ತುಂಬ ಕಾಂಗ್ರೆಸ್ ಕಸ ಇರುವ ನಮ್ಮ ಕಡೆ ಇದು ಸಣ್ಣ ಮಾತಲ್ಲ.

ಹೋಮಿಯೋಪಥಿಯಿಂದ ಅಡ್ಡಪರಿಣಾಮವೇ ಇಲ್ಲ ಎಂಬ ನಂಬಿಕೆ ನನ್ನನ್ನು ದಾರಿ ತಪ್ಪಿಸಿತು. ಗುಳಿಗೆಯ ಮೇಲಿನ 30 ಎಂದರೆ ನೂರಕ್ಕೆ ಒಂದರಂತೆ 30 ಸಲ ತೆಳುಗೊಳಿಸಿದ್ದು; ಗಿಡದ ಒಂದು ಅಣುವೂ ಅದರಲ್ಲಿ ಉಳಿದಿರುವುದಿಲ್ಲ ಎನ್ನಬಹುದು. ಮದರ್ ಟಿಂಚರ್ ಹಾಗಲ್ಲ, ಗಿಡವನ್ನು ಮದ್ಯಸಾರದಲ್ಲಿ ನೆನೆಸಿ ಇಳಿಸಿದ ಗಟ್ಟಿ ಸಾರ. ಹೊಟ್ಟೆಗೆ ಹೋದರೆ ವಾಂತಿಯಾಗುತ್ತದೆ, ಹೃದಯಕ್ಕೂ ಅಪಾಯ. ಸೀಸೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ಎಕ್ಸ್‌ರೇಯಲ್ಲಿ ಮೂಳೆ ಸರಿಯಿದ್ದದ್ದು ನಮ್ಮ ಪುಣ್ಯ. ಅದನ್ನು ಮೊದಲ ದಿನವೇ ತೆಗೆಸಬೇಕಿತ್ತು. ಚರ್ಮ ಮಾಯಲು ಮೂರು ವಾರ ಹಿಡಿಯಿತು, ಕಪ್ಪು ಕಲೆ ಇನ್ನೂ ಇದೆ.

ಈಗಾಗಲೇ ಹಚ್ಚಿ ತುರಿಕೆ ಶುರುವಾಗಿದ್ದರೆ ನೀರಿನಿಂದ ತೊಳೆದು, ಹಚ್ಚುವುದನ್ನು ನಿಲ್ಲಿಸಿ, ಸೀಸೆಯನ್ನೂ ತೆಗೆದುಕೊಂಡು ವೈದ್ಯರ ಬಳಿಗೆ ಹೋಗಿ. ಕಾಂಗ್ರೆಸ್ ಕಸ ಮೈಗೆ ಆಗುವುದಿಲ್ಲ ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಿ.